ಜೋನಿ ಬೆಲ್ಲದೊಳಗಿನ ಎಡ ಬಲ

ಆಲೆಮನೆ ದಿನಗಳಲ್ಲಿ ಶಿರಸಿ ಕಡೆಯ ಹಳ್ಳಿಗೆ ಹೋದರೆ ದಾರಿ ಕೇಳುವುದೇ ಬೇಡ. ಬೆಲ್ಲ ಕುದಿಯುವ ವಾಸನೆಯೇ ಕರೆದುಕೊಂಡು ಹೋಗುತ್ತದೆ. ಈ ಸಲ ಅಕ್ಕನ ಮಗಳೂ ನನ್ನ ಜೊತೆ ಬಂದಿದ್ದಳು. ಪಿಯುಸಿ ಎರಡನೇ ವರ್ಷ. ಕಬ್ಬಿನ ಹಾಲು ಕುಡಿದು, ಮಂಡಕ್ಕಿ ತಿಂದು, ಕೊಪ್ಪರಿಗೆ ಮುಂದೆ ನಿಂತವಳು ಕೇಳಿದಳು: "ಮಾವ, ಅಚ್ಚು ಬೆಲ್ಲ ಕಲ್ಲಿನ ಹಾಂಗೆ ಗಟ್ಟಿ ಆಗ್ತು. ಜೋನಿ ಬೆಲ್ಲ ಎಂತಕ್ಕೆ ಆಗ್ತಿಲ್ಲೆ?"

ಬೇಗ ಇಳಿಸಿದ್ದಕ್ಕೆ, ನೀರು ಜಾಸ್ತಿ ಉಳಿದದ್ದಕ್ಕೆ ಎಂದರು ಒಲೆ ಮುಂದಿದ್ದವರು. ಅದು ನಿಜ. ಆದರೆ ಅಷ್ಟೇ ಅಲ್ಲ. ಉಳಿದ ಉತ್ತರ ಅವಳ ಕೆಮಿಸ್ಟ್ರಿ ಪುಸ್ತಕದಲ್ಲೇ ಇತ್ತು. ಆಲ್ಡಿಹೈಡ್, ಕೀಟೋನ್ ಪಾಠದಲ್ಲಿ. ಅವಳು ತೀರಾ ಬೇಜಾರಿನಿಂದ ಬಾಯಿಪಾಠ ಮಾಡುತ್ತಿದ್ದ ಪಾಠ ಅದು.

ಕಬ್ಬಿನ ಹಾಲಿನ ಸಿಹಿ ಬಹುಪಾಲು ಸುಕ್ರೋಸ್‌ನದು. ಸುಕ್ರೋಸ್ ಅಂದರೆ ಜೋಡಿ ಅಣು. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್, ಕೈ ಕೈ ಹಿಡಿದು ನಿಂತಿವೆ. ಕಬ್ಬಿನ ಹಾಲಿಗೆ ಸ್ವಲ್ಪ ಹುಳಿ ಗುಣ ಇದೆ. ಹುಳಿ ಮತ್ತು ಬಿಸಿ ಸೇರಿದಾಗ ನಡುವೆ ಒಂದು ನೀರಿನ ಅಣು ಬಂದು ಹಿಡಿದ ಕೈ ಬಿಡಿಸುತ್ತದೆ. ಹೀಗೆ ಒಂದಷ್ಟು ಸುಕ್ರೋಸ್ ಒಡೆದು ಮೂರು ಬಗೆಯ ಅಣುಗಳು ಒಂದೇ ಪಾಕದಲ್ಲಿ ಉಳಿಯುತ್ತವೆ. ಚಿರೆಕಲ್ಲನ್ನು ಸಾಲಾಗಿ ಪೇರಿಸಿದರೆ ಗೋಡೆ ಏಳುತ್ತದೆ. ನಡುನಡುವೆ ಹೊಳೆಯ ಗುಂಡುಕಲ್ಲು ಸೇರಿಸಿದರೆ ಏಳುತ್ತದಾ? ಹರಳು ಕಟ್ಟುವುದೂ ಹಾಗೇ. ಅಚ್ಚು ಬೆಲ್ಲ ಮಾಡುವವರು ಸುಣ್ಣ ಹಾಕುವುದು ಈ ಹುಳಿಯನ್ನು ತಗ್ಗಿಸಲಿಕ್ಕೆ. ಕಡಿದು ನಾಲ್ಕಾರು ದಿನ ಬಿಟ್ಟ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ ಅಂತಾರಲ್ಲ, ಅದಕ್ಕೂ ಇದೇ ಕಾರಣ. ಆ ಕಬ್ಬಿನೊಳಗೆ ಒಡೆಯುವ ಕೆಲಸ ಆಗಲೇ ಶುರುವಾಗಿರುತ್ತದೆ.

ಈ ಗ್ಲೂಕೋಸ್, ಫ್ರಕ್ಟೋಸ್ ಎರಡರಲ್ಲೂ ಇರುವುದು 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ತೂಕವೂ ಒಂದೇ. ಬೇರೆ ಏನು ಹಾಗಾದರೆ? ಎರಡರ ಸರಪಳಿಯಲ್ಲೂ ಒಂದು ಕಾರ್ಬನ್ ಮೇಲೆ ಆಕ್ಸಿಜನ್ ಎರಡು ಬಂಧದಿಂದ ಗಟ್ಟಿಯಾಗಿ ಕೂತಿದೆ. ಗ್ಲೂಕೋಸ್‌ನಲ್ಲಿ ಅದು ತುದಿಯ ಕಾರ್ಬನ್. ತುದಿಯಲ್ಲಿದ್ದರೆ ಆಲ್ಡಿಹೈಡ್. ಫ್ರಕ್ಟೋಸ್‌ನಲ್ಲಿ ತುದಿಯಿಂದ ಎರಡನೆಯದು, ಎರಡೂ ಪಕ್ಕ ಕಾರ್ಬನ್ ಇದೆ. ಹಾಗಿದ್ದರೆ ಕೀಟೋನ್. ದಾಲ್ಚಿನ್ನಿ, ಜೀರಿಗೆ, ವೆನಿಲ್ಲಾ, ಈ ಮೂರರ ಮುಖ್ಯ ಪರಿಮಳವೂ ಆಲ್ಡಿಹೈಡ್‌ಗಳದ್ದೇ. ಉಗುರಿನ ಬಣ್ಣ ಒರೆಸುವ ಅಸಿಟೋನ್ ಕೀಟೋನ್.

ತುದಿಯ ಆಲ್ಡಿಹೈಡ್ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟಿಗೆ ಗ್ಲೂಕೋಸ್ ಹಾಕಿ ಬಿಸಿನೀರಲ್ಲಿ ಇಟ್ಟರೆ ಪ್ರನಾಳದ ಒಳಗೋಡೆಗೆ ಬೆಳ್ಳಿ ಅಂಟಿ ಕನ್ನಡಿ ಆಗುತ್ತದೆ. ಇದು ಟಾಲೆನ್ಸ್ ಪರೀಕ್ಷೆ. ಅಸಿಟೋನ್ ಕನ್ನಡಿ ಕೊಡುವುದಿಲ್ಲ. ಫ್ರಕ್ಟೋಸ್ ಮಾತ್ರ ಕೀಟೋನ್ ಆಗಿದ್ದೂ ಕೊಡುತ್ತದೆ, ಯಾಕೆಂದರೆ ಆ ಕ್ಷಾರದಲ್ಲಿ ಅದು ತನ್ನನ್ನು ತಾನೇ ಆಲ್ಡಿಹೈಡ್ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಮಕ್ಕಳು ಗಾಬರಿ ಬೀಳುತ್ತಾರೆ.

ಕನ್ನಡಿ ಬಂತಲ್ಲ, ಅದರ ಮುಂದೆ ಬಲಗೈ ಹಿಡಿಯಿರಿ. ಒಳಗೆ ಕಾಣುವುದು ಎಡಗೈ. ಬೆರಳುಗಳು ಅವೇ, ಸಾಲು ಅದೇ. ಆದರೂ ಒಂದನ್ನು ಇನ್ನೊಂದರ ಮೇಲೆ ಹಾಗೇ ಕೂರಿಸಲು ಆಗುವುದಿಲ್ಲ. ಕಾರ್ಬನ್‌ಗೆ ನಾಲ್ಕು ಕೈ. ನಾಲ್ಕೂ ಕೈಯಲ್ಲಿ ಬೇರೆ ಬೇರೆ ಗುಂಪು ಹಿಡಿದಿದ್ದರೆ ಅದಕ್ಕೂ ಹೀಗೇ ಎಡ ಬಲ ಬರುತ್ತದೆ. ಇದನ್ನು ಕೈರಲ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕೈಗಿರುವ ಪದದಿಂದ ಬಂದ ಹೆಸರು. ನಮ್ಮ "ಕೈ"ಗೂ ಅದಕ್ಕೂ ನೆಂಟಸ್ತಿಕೆ ಏನಿಲ್ಲ, ಆದರೆ ಕನ್ನಡದ ಮಕ್ಕಳಿಗೆ ನೆನಪಿಡಲು ಇಷ್ಟು ಸುಲಭದ ಪದ ಇನ್ನೊಂದಿಲ್ಲ. ಅವಳ ಪುಸ್ತಕದ ಆ ಪುಟದ ಅಂಚಿನಲ್ಲಿ ನಾನೇ ಒಂದು ಅಂಗೈ ಬರೆದುಕೊಟ್ಟೆ.

ಗ್ಲೂಕೋಸ್ ಸರಪಳಿಯಲ್ಲಿ ಇಂಥ ಕಾರ್ಬನ್ 4 ಇವೆ. ಒಂದೊಂದಕ್ಕೂ ಎರಡು ದಾರಿ, ಹಾಗಾಗಿ 16 ರೂಪ. ಅದರಲ್ಲಿ ನಮ್ಮ ಗ್ಲೂಕೋಸ್ ಯಾವುದು? ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವಂಥದ್ದಲ್ಲ. ಎಮಿಲ್ ಫಿಶರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1891ರಲ್ಲಿ ಬರೀ ಪ್ರಯೋಗ ಮತ್ತು ತರ್ಕದಿಂದ ಹದಿನಾರನ್ನು ಎರಡಕ್ಕೆ ಇಳಿಸಿದ. ಆ ಎರಡು ಒಂದಕ್ಕೊಂದು ಕನ್ನಡಿ ಬಿಂಬ. ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಒಂದನ್ನು ಸುಮ್ನೆ ಆರಿಸಿಕೊಂಡ. ಅರ್ಧಕ್ಕರ್ಧ ತಪ್ಪಾಗುವ ಊಹೆ ಅದು. ಫಿಶರ್‌ಗೆ 1902ರಲ್ಲಿ ನೊಬೆಲ್ ಬಂತು, 1919ರಲ್ಲಿ ತೀರಿಕೊಂಡ. 1951ರಲ್ಲಿ ಡಚ್ ವಿಜ್ಞಾನಿ ಬೈಫೂಟ್ ಮತ್ತು ಜೊತೆಗಾರರು ಎಕ್ಸ್-ರೇ ಬಳಸಿ, ಗ್ಲೂಕೋಸ್ ಜೋಡಣೆಯ ಜೊತೆ ತಾಳೆ ನೋಡಬಹುದಾದ ಟಾರ್ಟಾರಿಕ್ ಆಮ್ಲದ ಲವಣ ಒಂದರ ನಿಜವಾದ ಎಡ ಬಲ ಕಂಡುಹಿಡಿದಾಗ ಗೊತ್ತಾಯಿತು, ಫಿಶರ್ ಆರಿಸಿದ್ದು ಸರಿ ಇತ್ತು. ಅದು ಅವನಿಗೆ ಗೊತ್ತಾಗಲೇ ಇಲ್ಲವಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತದೆ.

ನಮ್ಮ ಗ್ಲೂಕೋಸ್‌ನ ಕನ್ನಡಿ ಬಿಂಬವಾದ ಎಡಗೈ ಗ್ಲೂಕೋಸ್ ನಾಲಿಗೆಗೆ ಸಿಹಿಯೇ. ಆದರೆ ದೇಹ ಅದರಿಂದ ಶಕ್ತಿ ಪಡೆಯಲಾರದು. ಎಡಗಾಲಿನ ಚಪ್ಪಲಿಗೆ ಬಲಗಾಲು ಹಾಕಿದ ಹಾಗೆ, ನಮ್ಮ ಕಿಣ್ವಗಳಿಗೆ ಅದು ಹೊಂದುವುದಿಲ್ಲ. ಮೂಗಿಗೆ ಮಾತ್ರ ಎಡ ಬಲ ಕೆಲವು ಸಲ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಾರ್ವೋನ್ ಎಂಬ ಕೀಟೋನ್ ಇದೆ. ಅದರ ಒಂದು ರೂಪ ಪುದೀನದ್ದು, ಅದರ ಕನ್ನಡಿ ಬಿಂಬ ಸಬ್ಬಸಿಗೆ ಬೀಜದ್ದು. ಎರಡನ್ನೂ ಉಜ್ಜಿ ಮೂಸಿ ನೋಡಿ. ಒಂದೇ ಅಣು ಅಂತ ಯಾರಾದರೂ ಅಂದುಕೊಳ್ಳುತ್ತಾರಾ?

ಬೆಳಕಿಗೂ ಈ ವ್ಯತ್ಯಾಸ ತಿಳಿಯುತ್ತದೆ. ಒಂದೇ ತಲದಲ್ಲಿ ಕಂಪಿಸುವ ಬೆಳಕು ಸುಕ್ರೋಸ್ ಪಾಕದೊಳಗೆ ಹಾದರೆ ಆ ತಲ ಬಲಕ್ಕೆ ತಿರುಗುತ್ತದೆ. ಗ್ಲೂಕೋಸ್ ಕೂಡ ಬಲಕ್ಕೆ ತಿರುಗಿಸುತ್ತದೆ. ಅದಕ್ಕೇ ಅದಕ್ಕೆ ಡೆಕ್ಸ್‌ಟ್ರೋಸ್ ಎಂಬ ಇನ್ನೊಂದು ಹೆಸರು, ಆಸ್ಪತ್ರೆಯ ಡ್ರಿಪ್ ಬಾಟಲಿ ಮೇಲೆ ಓದಿರುತ್ತೀರಿ. ಲ್ಯಾಟಿನ್‌ನಲ್ಲಿ ಡೆಕ್ಸ್‌ಟರ್ ಅಂದರೆ ಬಲ. ಫ್ರಕ್ಟೋಸ್ ಎಡಕ್ಕೆ ತಿರುಗಿಸುತ್ತದೆ, ಅದೂ ಇನ್ನೂ ಜೋರಾಗಿ. ಹಾಗಾಗಿ ಸುಕ್ರೋಸ್ ಪೂರ್ತಿ ಒಡೆದರೆ ಬಲಕ್ಕೆ ತಿರುಗುತ್ತಿದ್ದ ಬೆಳಕು ಎಡಕ್ಕೆ ಹೊರಳುತ್ತದೆ. ಇಂಥ ಒಡೆದ ಸಕ್ಕರೆಗೆ ಇನ್ವರ್ಟ್ ಶುಗರ್ ಅನ್ನುವುದು ಇದಕ್ಕೇ.

ಎಡಕ್ಕೆ ತಿರುಗಿಸುವ ಫ್ರಕ್ಟೋಸನ್ನು ಪುಸ್ತಕದಲ್ಲಿ ಡಿ-ಫ್ರಕ್ಟೋಸ್ ಅಂತಲೇ ಬರೆದಿರುತ್ತಾರೆ. ಅಲ್ಲಿ ಡಿ ಅಂದರೆ ಅಣುವಿನ ಜೋಡಣೆ ಬಲಗೈಯದು ಎಂದು, ಬೆಳಕು ತಿರುಗುವ ದಿಕ್ಕಲ್ಲ. ಶಂಖದ ವಿಷಯವೂ ಹೀಗೇ. ನಾವು ಅಪರೂಪದ ಶಂಖವನ್ನು ಬಲಮುರಿ ಅನ್ನುತ್ತೇವೆ. ಪ್ರಾಣಿಶಾಸ್ತ್ರದವರಿಗೆ ಅದು ಎಡಸುರುಳಿ. ಅವರು ಶಂಖವನ್ನು ತಲೆಕೆಳಗಾಗಿ ಹಿಡಿಯುತ್ತಾರೆ, ಅಷ್ಟೇ.

ಮನೆಗೆ ಬಂದು ನಾವಿಬ್ಬರೂ ನೋಡಿಯೇಬಿಟ್ಟೆವು. ಒಂದೇ ತಲದ ಬೆಳಕು ಬೀರುವ ಲ್ಯಾಪ್‌ಟಾಪ್ ಪರದೆಯನ್ನು ಬಿಳಿ ಮಾಡಿ, ಒಂದು ತಲದ ಬೆಳಕನ್ನು ಮಾತ್ರ ಬಿಡುವ ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ಹಿಡಿದೆವು. ನಡುವೆ ಗಾಜಿನ ಲೋಟದಲ್ಲಿ ದಪ್ಪ ಸಕ್ಕರೆ ಪಾಕ ಇಟ್ಟೆವು. ಕಪ್ಪು ಪರದೆಯ ನಡುವೆ ಲೋಟ ಮಾತ್ರ ಹೊಳೆಯಿತು, ನೀಲಿ ಕೆಂಪು ಛಾಯೆಗಳ ಜೊತೆ. ಅದು ಮಂಕಾಗಬೇಕಾದರೆ ಕನ್ನಡಕವನ್ನು ಇನ್ನಷ್ಟು ಬಲಕ್ಕೆ ತಿರುಗಿಸಬೇಕಿತ್ತು. ಅದೇ ಪಾಕಕ್ಕೆ ನಿಂಬೆಹುಳಿ ಹಿಂಡಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ ಇಟ್ಟಾಗ ಅಷ್ಟು ತಿರುಗಿಸುವುದು ಬೇಕಾಗಲಿಲ್ಲ.

ಜೋನಿ ಬೆಲ್ಲ ಕಪ್ಪು, ಬೆಳಕು ದಾಟುವುದಿಲ್ಲ. ಹಾಗಾಗಿ ಅವಳು ಮೂರನೇ ಲೋಟದಲ್ಲಿ ತಿಳಿ ಜೇನುತುಪ್ಪ ಇಟ್ಟಳು. ಹೂವಿನ ಸಕ್ಕರೆಯನ್ನು ಜೇನ್ನೊಣಗಳು ಮೊದಲೇ ಒಡೆದಿಟ್ಟಿರುತ್ತವೆ, ಫ್ರಕ್ಟೋಸ್ ಪಾಲೇ ಜಾಸ್ತಿ. ಒಂದು ಕಣ್ಣು ಮುಚ್ಚಿ, ಕನ್ನಡಕವನ್ನು ನಿಧಾನ ಆಚೀಚೆ ಮಾಡಿದಳು.

"ಮಾವ, ಇದು ಎಡಕ್ಕೆ!"

ಸ್ವಲ್ಪವೇ. ಆದರೆ ಎಡಕ್ಕೆ.