ನೋಂದಣಿ ಮಾಡಿಸಿದರೆ ಬಡಾವಣೆಯ ಕೆಲಸ ಆಗುತ್ತದೆಯೇ?

ಪ್ರಶ್ನೆ: ನಮ್ಮದು ಮೈಸೂರಿನ ರಿಂಗ್ ರಸ್ತೆಯ ಆಚೆಗಿರುವ ಖಾಸಗಿ ಬಡಾವಣೆ. ನೂರಕ್ಕೂ ಹೆಚ್ಚು ಮನೆಗಳಿವೆ. ಕ್ಷೇಮಾಭಿವೃದ್ಧಿ ಸಂಘವೆಂದು ಹೆಸರಿಟ್ಟುಕೊಂಡು ಮೂರು ವರ್ಷವಾಯಿತು, ಲೆಟರ್‌ಹೆಡ್ ಕೂಡ ಮಾಡಿಸಿದ್ದೇವೆ. ಆದರೆ ಒಳಚರಂಡಿ, ಬೀದಿದೀಪ, ಪಾರ್ಕು, ನಾಯಿಗಳ ಕಾಟ, ಯಾವುದಕ್ಕೆ ಅರ್ಜಿ ಕೊಟ್ಟರೂ ಕೆಲಸ ಆಗುತ್ತಿಲ್ಲ. ಸಂಘವನ್ನು ನೋಂದಣಿ ಮಾಡಿಸಿದರೆ ಅಧಿಕಾರಿಗಳು ನಮ್ಮ ಮಾತು ಕೇಳುತ್ತಾರೆಯೇ?

ಉತ್ತರ: ನೋಂದಣಿ ಮಾಡಿಸಿ. ಆದರೆ ಅದೊಂದರಿಂದಲೇ ಕೆಲಸ ಆಗುತ್ತದೆ ಎಂದು ನಂಬಿ ಮಾಡಿಸಬೇಡಿ. ಈ ಪ್ರಶ್ನೆಯನ್ನು ಬೋಗಾದಿ ಕಡೆಯವರು, ಶ್ರೀರಾಂಪುರದವರು, ವಿಜಯನಗರ ನಾಲ್ಕನೇ ಹಂತದವರು ಬೇರೆ ಬೇರೆ ಮಾತಿನಲ್ಲಿ ನನ್ನನ್ನು ಕೇಳಿದ್ದಾರೆ. ಇದೇ ಊರಿನ ಒಂದು ಬಡಾವಣೆಯ ಸಂಘದಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಯಾಗಿ ದುಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಕಚೇರಿಯಲ್ಲಿ ಸಂಘಕ್ಕೆ ಬೆಲೆ ಬರುವುದು ಅದು ಇಟ್ಟುಕೊಂಡ ದಾಖಲೆಯಿಂದ. ಯಾವ ದಿನ ಏನಾಯಿತು, ಯಾರಿಗೆ ಬರೆದೆವು, ಅವರು ಏನು ಉತ್ತರ ಕೊಟ್ಟರು ಎಂಬುದನ್ನು ಐದು ವರ್ಷ ಕಳೆದರೂ ಪುಟ ತೆರೆದು ತೋರಿಸಬಲ್ಲ ಸಂಘದ ಮಾತನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ. ನೋಂದಣಿಯ ದೊಡ್ಡ ಉಪಯೋಗವೂ ಅಂಥ ದಾಖಲೆಯನ್ನು ಇಡುವಂತೆ ಅದು ನಮ್ಮನ್ನು ಒತ್ತಾಯಿಸುವುದರಲ್ಲಿದೆ.

ಮೊದಲು ನೋಂದಣಿಯ ವಿಚಾರವನ್ನೇ ಮುಗಿಸುತ್ತೇನೆ. ನಿವೇಶನಗಳಲ್ಲಿ ಬಿಡಿಬಿಡಿಯಾಗಿ ಮನೆ ಕಟ್ಟಿಕೊಂಡವರ ಬಡಾವಣೆಗಳ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಣಿಯಾಗುತ್ತವೆ. ಅಪಾರ್ಟ್‌ಮೆಂಟ್ ಮಾಲೀಕರಿಗೆ 1972ರ ಪ್ರತ್ಯೇಕ ಕಾಯ್ದೆ ಇರುವುದರಿಂದ ಅವರ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಕನಿಷ್ಠ 7 ಮಂದಿ ಸೇರಿ, ಸಂಘದ ಉದ್ದೇಶಗಳನ್ನು ಹೇಳುವ ಪತ್ರ ಮತ್ತು ಬೈಲಾ (ಸಂಘದ ನಿಯಮಾವಳಿ) ಸಿದ್ಧಪಡಿಸಿ, ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಅದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಅದರ ನಂತರ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆಯಬೇಕು. ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯವರ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾಖರ್ಚನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹದಿಂದ ನೋಂದಣಿ ಮಾಡಿಸಿ, ಎರಡನೇ ವರ್ಷದಿಂದ ಇದನ್ನು ಮರೆತ ಸಂಘಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ, ಮತ್ತು ಅವುಗಳ ಲೆಟರ್‌ಹೆಡ್ಡಿನ ಮೇಲಿರುವ ನೋಂದಣಿ ಸಂಖ್ಯೆಯಿಂದ ಯಾರಿಗೂ ಪ್ರಯೋಜನವಿಲ್ಲ.

ನೋಂದಣಿಯಿಂದ ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಬಹುದು, ಪದಾಧಿಕಾರಿಗಳು ಬದಲಾದರೂ ಸಂಘ ಮುಂದುವರಿಯುತ್ತದೆ. ನಗರಪಾಲಿಕೆಗಳ ಕಾನೂನು ಹೇಳುವ ವಾರ್ಡ್ ಸಮಿತಿಯಲ್ಲಿ ನಿವಾಸಿಗಳ ಸಂಘಗಳ ಪ್ರತಿನಿಧಿಗಳಿಗೆಂದು ಇಬ್ಬರ ಸ್ಥಾನವಿದೆ. ಅಂಥ ಸ್ಥಾನ ಕೇಳಲು ಹೋದಾಗ ನೋಂದಣಿಯ ಕಾಗದ ಕೈಯಲ್ಲಿರಬೇಕು. ಆದರೆ ನೋಂದಣಿಯಾದ ಮಾತ್ರಕ್ಕೆ ಸಂಘಕ್ಕೆ ತೆರಿಗೆ ಹಾಕುವ, ದಂಡ ವಿಧಿಸುವ, ಸೇರದವರನ್ನು ಬಲವಂತವಾಗಿ ಸೇರಿಸಿಕೊಳ್ಳುವ ಅಧಿಕಾರ ಬರುವುದಿಲ್ಲ. ಇದನ್ನು ಮೊದಲ ಸಭೆಯಲ್ಲಿಯೇ ಎಲ್ಲರಿಗೂ ತಿಳಿಸಿಬಿಡುವುದು ಒಳ್ಳೆಯದು.

ಇನ್ನು ನಿಮ್ಮ ಅರ್ಜಿಗಳ ವಿಚಾರ. ರಿಂಗ್ ರಸ್ತೆಯ ಆಚೆಗಿನ ಬಡಾವಣೆ ಎಂದಿದ್ದೀರಿ. ಹಾಗಿದ್ದರೆ ಅರ್ಜಿ ಬರೆಯುವ ಮೊದಲು ನಿಮ್ಮ ರಸ್ತೆ ಈ ಹೊತ್ತು ಯಾರ ಸುಪರ್ದಿಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಮೈಸೂರಿನ ಅಂಚಿನಲ್ಲಿ ಇದು ಸಣ್ಣ ಪ್ರಶ್ನೆಯೇನಲ್ಲ. ಪಾಲಿಕೆಯ 65 ವಾರ್ಡುಗಳ ಗಡಿ ದಾಟಿದರೆ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು, ಅವುಗಳ ಪಕ್ಕದಲ್ಲಿ ಗ್ರಾಮ ಪಂಚಾಯಿತಿಗಳು, ಇವೆಲ್ಲದರ ನಡುವೆ ಜನ ಈಗಲೂ ಮುಡಾ ಎಂದೇ ಕರೆಯುವ ಅಭಿವೃದ್ಧಿ ಪ್ರಾಧಿಕಾರ. ಸಾಲದ್ದಕ್ಕೆ ಇವನ್ನೆಲ್ಲ ಒಂದು ದೊಡ್ಡ ಪಾಲಿಕೆಯಾಗಿ ಸೇರಿಸುವ ಮಾತೂ ನಡೆದಿದೆ. ಖಾಸಗಿಯವರು ಮಾಡಿದ ಬಡಾವಣೆಯಾದರೆ ಇನ್ನೊಂದು ತೊಡಕು ಸೇರುತ್ತದೆ. ಬಡಾವಣೆ ಮಾಡಿದವರು ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟು, ಪ್ರಾಧಿಕಾರ ಅವನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುವವರೆಗೆ, ಆ ಸ್ಥಳೀಯ ಸಂಸ್ಥೆ ‘ಇದು ನಮಗಿನ್ನೂ ಬಂದಿಲ್ಲ’ ಎಂದೇ ಹೇಳುತ್ತದೆ. ಮೂರು ವರ್ಷದಿಂದ ನೀವು ಹಸ್ತಾಂತರವೇ ಆಗದ ಬಡಾವಣೆಯ ಚರಂಡಿಗಾಗಿ ಅರ್ಜಿ ಕೊಡುತ್ತಿದ್ದರೆ, ತಪ್ಪು ಬಾಗಿಲು ತಟ್ಟುತ್ತಿದ್ದೀರಿ. ನಿಮ್ಮ ಮೊದಲ ಪತ್ರ ಹಸ್ತಾಂತರದ ಬಗ್ಗೆಯೇ ಇರಬೇಕು. ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಪ್ರಾಧಿಕಾರದಿಂದ ಪಡೆದು ಸಂಘದ ಕಡತದಲ್ಲಿಡಿ. ಯಾವುದು ಪಾರ್ಕು, ಯಾವುದು ನಾಗರಿಕ ಸೌಲಭ್ಯದ ನಿವೇಶನ ಎಂಬ ಜಗಳ ಎಂದಾದರೂ ಬಂದರೆ ಆ ನಕ್ಷೆಯೇ ನಿಮ್ಮ ಕೈ ಹಿಡಿಯುತ್ತದೆ.

ನಗರದ ಒಳಗಿನವರಿಗೂ ಈ ಗೊಂದಲ ಇದ್ದೇ ಇದೆ. ವಿದ್ಯುತ್ ತಂತಿ ಜೋತುಬಿದ್ದಿದ್ದರೆ ವಿದ್ಯುತ್ ಕಂಪನಿಯಾದ ಸೆಸ್ಕ್‌ನ 1912ಕ್ಕೆ ಹೇಳಬೇಕು. ಅದೇ ಕಂಬದ ಬೀದಿದೀಪ ಉರಿಯದಿದ್ದರೆ ಪಾಲಿಕೆಯ ವಲಯ ಕಚೇರಿಗೆ ಹೇಳಬೇಕು. ನಲ್ಲಿ ನೀರಿನ ವಿಚಾರ ವಾಣಿ ವಿಲಾಸ ನೀರು ಸರಬರಾಜು ವಿಭಾಗಕ್ಕೆ ಸೇರಿದ್ದು. ರಸ್ತೆಬದಿಯ ಮರವನ್ನು ಕಡಿಯುವ ಮಾತಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಸಂಘದ ಠರಾವು ಸಾಲದು. ಇವನ್ನೆಲ್ಲ ಒಂದೇ ಅರ್ಜಿಯಲ್ಲಿ ತುಂಬಿ ಆಯುಕ್ತರಿಗೆ ಕೊಟ್ಟರೆ ಅದು ಮೇಜಿನಿಂದ ಮೇಜಿಗೆ ಹೋಗಿ ಎಲ್ಲೋ ನಿಂತುಬಿಡುತ್ತದೆ. ಒಂದು ವಿಷಯಕ್ಕೆ ಒಂದೇ ಅರ್ಜಿ ಎಂಬ ನಿಯಮವನ್ನು ತಪ್ಪದೆ ಪಾಲಿಸಿ.

ಅರ್ಜಿಯೊಳಗೆ ಏನಿರಬೇಕು ಎಂಬುದನ್ನು ನಮ್ಮ ಬಡಾವಣೆಯಲ್ಲಿ ನಡೆದದ್ದನ್ನು ಹೇಳಿಯೇ ವಿವರಿಸುತ್ತೇನೆ. ನಮ್ಮ ನಾಲ್ಕನೇ ಅಡ್ಡರಸ್ತೆಯ ತಗ್ಗಿನಲ್ಲಿದ್ದ ಮ್ಯಾನ್‌ಹೋಲ್ ಪದೇ ಪದೇ ಉಕ್ಕುತ್ತಿತ್ತು. ಕೊಳಚೆ ನೀರು ಎರಡು ಮನೆಗಳ ಸಂಪಿನ ಹತ್ತಿರದವರೆಗೂ ಬರುತ್ತಿತ್ತು. ‘ನಮ್ಮ ರಸ್ತೆಯಲ್ಲಿ ಯುಜಿಡಿ (ಒಳಚರಂಡಿ) ಸಮಸ್ಯೆ ತೀವ್ರವಾಗಿದ್ದು ಕೂಡಲೇ ಸರಿಪಡಿಸಬೇಕಾಗಿ ಕೋರಿಕೆ’ ಎಂದು ಎರಡು ವರ್ಷದಲ್ಲಿ ಹನ್ನೊಂದು ಅರ್ಜಿ ಕೊಟ್ಟೆವು. ಪ್ರತಿ ಸಲವೂ ಯಂತ್ರ ಬಂದು ಕೊಳವೆ ಶುಚಿಮಾಡಿ ಹೋಗುತ್ತಿತ್ತು, ಮತ್ತೆ ಕೆಲವು ದಿನಗಳಲ್ಲಿ ಅದೇ ಕಥೆ. ಆ ರಸ್ತೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆಯ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು: ತಾರೀಖು, ಉಕ್ಕಿದ ಹೊತ್ತು, ಎಷ್ಟು ಹೊತ್ತು ಹರಿಯಿತು, ಆ ದಿನ ಮಳೆ ಇತ್ತೇ. ಒಂದು ಮಳೆಗಾಲ ಕಳೆದ ಮೇಲೆ ಆ ಪುಟದಲ್ಲಿ ಹದಿನಾಲ್ಕು ಸಾಲುಗಳಿದ್ದವು, ಅವುಗಳಲ್ಲಿ ಹನ್ನೆರಡರ ಮುಂದೆ ‘ಮಳೆ’ ಎಂದಿತ್ತು.

ಆ ಪುಟವನ್ನು ನೋಡಿದ ಕಿರಿಯ ಎಂಜಿನಿಯರ್ ಒಂದೇ ನಿಮಿಷದಲ್ಲಿ ಹೇಳಿದರು: ‘ಸರ್, ಇದು ಬರೀ ಕೊಳವೆ ಕಟ್ಟಿಕೊಳ್ಳೋ ತೊಂದರೆ ಅಲ್ಲ. ಮಳೆ ನೀರು ಯುಜಿಡಿ ಒಳಗೆ ಬರ್ತಿದೆ. ನಿಮ್ಮ ಮನೆಗಳ ತಾರಸಿ ಪೈಪು ಎಲ್ಲಿಗೆ ಬಿಟ್ಟಿದ್ದೀರಿ, ಮೊದಲು ಅದನ್ನು ನೋಡಿ.’ ಮನೆಯ ಕೊಳಚೆ ನೀರಿನ ಅಳತೆಗೆ ಹಾಕಿದ ಕೊಳವೆಗೆ ಒಂದು ರಸ್ತೆಯ ತಾರಸಿಗಳ ಮಳೆ ನೀರೆಲ್ಲ ಸೇರಿದರೆ ಅದು ತಗ್ಗಿನಲ್ಲಿ ಉಕ್ಕಲೇಬೇಕು. ಮುಂದಿನ ಭಾನುವಾರ ನಾವು ಐವರು ಮನೆಮನೆಗೆ ಹೋದೆವು. ಅರಿಶಿನ ಕದಡಿದ ಒಂದೊಂದು ಬಕೆಟ್ ನೀರನ್ನು ಮೇಲೆ ತಾರಸಿಯಲ್ಲಿ ಒಬ್ಬರು ಸುರಿಯುವುದು, ಕೆಳಗೆ ಚೇಂಬರಿನ ಮುಚ್ಚಳ ತೆಗೆದು ಇನ್ನೊಬ್ಬರು ನೋಡುವುದು. ಮೂವತ್ತೊಂದು ಮನೆಗಳಲ್ಲಿ ಹತ್ತೊಂಬತ್ತರ ಚೇಂಬರಿನಲ್ಲಿ ಹಳದಿ ನೀರು ಬಂತು. ಅಧ್ಯಕ್ಷರ ಮನೆ ಅದರಲ್ಲಿತ್ತು, ನನ್ನದೂ ಇತ್ತು. ಅಧ್ಯಕ್ಷರು ಅದೇ ವಾರ ಪ್ಲಂಬರನ್ನು ಕರೆಸಿ ತಮ್ಮ ಪೈಪನ್ನು ರಸ್ತೆಬದಿಯ ಮಳೆನೀರಿನ ಮೋರಿಗೆ ತಿರುಗಿಸಿದರು. ಅದನ್ನು ನೋಡಿದ ಮೇಲೆ ಉಳಿದವರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಕೊಳವೆಯ ಹೂಳನ್ನು ಪಾಲಿಕೆಯವರು ಯಂತ್ರದಿಂದ ಪೂರ್ತಿ ತೆಗೆದುಕೊಟ್ಟರು. ಮುಂದಿನ ಮಳೆಗಾಲದಲ್ಲಿ ಮೇಷ್ಟ್ರ ಪುಸ್ತಕದಲ್ಲಿ ಬಂದದ್ದು ಒಂದೇ ಸಾಲು.

ಇಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಯಂತ್ರ ಬರುವುದು ತಡವಾಯಿತೆಂದು ಯಾರನ್ನಾದರೂ ಕರೆದು, ನಾಲ್ಕು ಕಾಸು ಕೊಟ್ಟು ಮ್ಯಾನ್‌ಹೋಲಿಗೆ ಇಳಿಸುವುದನ್ನು ಯಾವ ಸಂಘವೂ, ಯಾವ ಮನೆಯವರೂ ಮಾಡಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ಒಳಗಿನ ವಿಷಾನಿಲದಿಂದ ಮನುಷ್ಯ ಸಾಯುತ್ತಾನೆ. ನಮ್ಮ ಮನೆಯ ಮುಂದಿನ ನಾತ ಒಂದು ದಿನ ಮೊದಲು ಹೋಗಲಿ ಎಂದು ಒಂದು ಜೀವವನ್ನು ಪಣಕ್ಕಿಡುವ ಹಕ್ಕು ನಮಗಿಲ್ಲ.

ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬರುವುದಾದರೆ ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದರ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಮುದ್ರೆಯ ತಾರೀಖನ್ನು ಉಲ್ಲೇಖಿಸಿ ಜ್ಞಾಪನ ಪತ್ರ ಬರೆಯಿರಿ, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ‘ಆಗುವುದಿಲ್ಲ’ ಎಂಬ ಹಿಂಬರಹ ಬಂದರೂ ಅದು ನಿಮಗೆ ಉಪಯೋಗವೇ, ಏಕೆಂದರೆ ಏಕೆ ಆಗುವುದಿಲ್ಲ ಎಂಬುದನ್ನು ಅದರಲ್ಲಿ ಬರೆಯಬೇಕಾಗುತ್ತದೆ. ಅದೂ ಆಗದಿದ್ದಾಗ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, 30 ದಿನಗಳ ಗಡುವು, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ ಮತ್ತು 150 ಪದಗಳ ಮಿತಿ. ಆ ಹಕ್ಕನ್ನು ಕಾನೂನು ಕೊಟ್ಟಿರುವುದು ನಾಗರಿಕರಿಗೆ. ಆದ್ದರಿಂದ ಅರ್ಜಿಯನ್ನು ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆಯದೆ ಒಬ್ಬ ಸದಸ್ಯರ ಹೆಸರಿನಲ್ಲಿಯೇ ಸಲ್ಲಿಸಿ. 2023ರ ನವೆಂಬರ್‌ನಲ್ಲಿ ನಮ್ಮ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ, ಹೋಗಿ ಬಾಗಿಲು ತಟ್ಟಲು ಕಾರ್ಪೊರೇಟರ್ ಇಲ್ಲದ ದಿನಗಳಲ್ಲಿ, ಇಂಥ ಕಾಗದಪತ್ರಗಳ ಬೆಲೆ ಏನೆಂದು ನಾವು ಚೆನ್ನಾಗಿ ಕಂಡುಕೊಂಡೆವು.

ಹಣದ ದಾಖಲೆಯೂ ಇಷ್ಟೇ ಮುಖ್ಯ. ನಮ್ಮಲ್ಲಿ ಒಮ್ಮೆ ಖಜಾಂಚಿಯಾಗಿದ್ದವರು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ನೆಲೆಸಿದರು, ಅವರ ಜೊತೆಗೆ ರಸೀದಿ ಪುಸ್ತಕವೂ ಎಲ್ಲಿಯೋ ಹೋಯಿತು. ಅವರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ, ಅದು ನನಗೆ ಗೊತ್ತು. ಆದರೂ ಅರ್ಧದಷ್ಟು ಮನೆಯವರು ಚಂದಾ ನಿಲ್ಲಿಸಿದರು, ಆ ಪ್ರಾಮಾಣಿಕ ಮನುಷ್ಯರ ಬಗ್ಗೆ ಸಲ್ಲದ ಮಾತುಗಳು ಹುಟ್ಟಿದವು. ಅಂದಿನಿಂದ ಸಂಘದ ಖಾತೆಗೆ ಇಬ್ಬರ ಸಹಿ ಕಡ್ಡಾಯ, ನಗದು ವ್ಯವಹಾರ ಇಲ್ಲವೇ ಇಲ್ಲ, ತಿಂಗಳ ಜಮಾಖರ್ಚಿನ ಒಂದು ಹಾಳೆ ಪಾರ್ಕಿನ ಫಲಕದ ಮೇಲೆ.

ನಾಯಿಗಳ ವಿಚಾರ ಕೇಳಿದ್ದೀರಿ. ನಾಯಿಗಳನ್ನು ಹಿಡಿದು ದೂರ ಬಿಟ್ಟುಬನ್ನಿ ಎಂಬ ಅರ್ಜಿಯಿಂದ ಫಲವಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಕೊಟ್ಟು, ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ ಅಥವಾ ಮೇಲೆರಗುವ ನಾಯಿಗಳ ಮಾತು ಬೇರೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಯಾವ ರಸ್ತೆಯಲ್ಲಿ ಎಷ್ಟು ನಾಯಿಗಳಿವೆ, ಎಷ್ಟರ ಕಿವಿಯಲ್ಲಿ ಚಿಕಿತ್ಸೆಯಾದ ಗುರುತಿಲ್ಲ ಎಂಬ ಎಣಿಕೆ ಇರಲಿ, ಚಿಕಿತ್ಸೆಯನ್ನೇ ಕೇಳಿ. ಆಹಾರ ಹಾಕುವವರನ್ನು ಶತ್ರುಗಳಂತೆ ಕಾಣಬೇಡಿ. ಯಾವ ನಾಯಿಗೆ ಚಿಕಿತ್ಸೆಯಾಗಿಲ್ಲ ಎಂದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಹಿಡಿಯುವ ದಿನ ನಾಯಿ ಹತ್ತಿರ ಬರುವುದೂ ಅವರ ದನಿಗೇ. ಧ್ವನಿವರ್ಧಕದ ತಕರಾರಿಗೆ ನಿಯಮ ಸ್ಪಷ್ಟವಾಗಿದೆ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇಲ್ಲ. ಮೊದಲು ಮಾತಾಡಿ, ಕೇಳದಿದ್ದರೆ 112.

ಬೈಲಾ ಬರೆಯುವಾಗ ಬಾಡಿಗೆದಾರರಿಗೂ ಸದಸ್ಯತ್ವ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ನೀರು ಬಾರದ ದಿನ ಕೊಡ ಹಿಡಿದು ನಿಲ್ಲುವವರಲ್ಲಿ ಮಾಲೀಕರು, ಬಾಡಿಗೆಯವರು ಎಂಬ ಭೇದವಿಲ್ಲ. ಸಭೆಯನ್ನು ಸಂಜೆ ಅಡುಗೆಯ ಹೊತ್ತಿಗೆ ಇಟ್ಟು, ಹೆಂಗಸರು ಬರುವುದಿಲ್ಲ ಎಂದು ದೂರುವುದನ್ನೂ ಬಿಡಬೇಕು. ನಾವು ಭಾನುವಾರ ಬೆಳಗ್ಗೆ ಹತ್ತೂವರೆಗೆ ಬದಲಾಯಿಸಿದ ಮೇಲೆ, ಕಸದ ಗಾಡಿ ಯಾವ ದಿನ ತಪ್ಪಿತು, ಯಾವ ಮನೆಯವರು ಹಸಿ ಕಸ ಒಣ ಕಸ ಬೆರೆಸುತ್ತಾರೆ, ಪೌರಕಾರ್ಮಿಕರಿಗೆ ಕುಡಿಯುವ ನೀರು ಯಾರ ಮನೆಯಲ್ಲಿ ಸಿಗುತ್ತದೆ ಎಂಬ ವಿವರಗಳೆಲ್ಲ ಮೊದಲ ಸಲ ನಮ್ಮ ನಡಾವಳಿ ಪುಸ್ತಕಕ್ಕೆ ಬಂದವು.

ಹಾಗಾಗಿ, ನೋಂದಣಿಯ ಅರ್ಜಿ ತುಂಬುವುದಕ್ಕೆ ಕುಳಿತ ದಿನವೇ ಒಂದು ಉದ್ದನೆಯ ನೋಟ್‌ಪುಸ್ತಕವನ್ನೂ ಕೊಳ್ಳಿ. ಮೊದಲ ಪುಟದಲ್ಲಿ ಈ ಮೂರು ವರ್ಷಗಳಲ್ಲಿ ಕೊಟ್ಟ ಅರ್ಜಿಗಳ ತಾರೀಖು, ಕಚೇರಿ, ವಿಷಯ ಬರೆಯಿರಿ, ಸ್ವೀಕೃತಿ ಇರುವುದರ ಮುಂದೆ ಗುರುತು ಹಾಕಿ. ಎರಡನೇ ಪುಟದಲ್ಲಿ ಬಡಾವಣೆ ಹಸ್ತಾಂತರವಾಗಿದೆಯೇ ಎಂಬ ಪ್ರಶ್ನೆಗೆ ಪ್ರಾಧಿಕಾರದಿಂದ ಬಂದ ಉತ್ತರವನ್ನು ಅಂಟಿಸಿ. ಮೂರನೇ ಪುಟಕ್ಕೆ ನಾಲ್ಕು ಗೆರೆ ಎಳೆದು, ಒಳಚರಂಡಿ ಉಕ್ಕುವ ಜಾಗದ ಎದುರು ಮನೆಯವರ ಕೈಗೆ ಕೊಡಿ.