ಪದ ಪರಿಚಯ: ಸರ್ವಿಸ್ ಡಾಗ್ ಅಂದ್ರೆ ಯಾವ ನಾಯಿ?

ಕಾರವಾರದಲ್ಲಿ ‘ಸರ್ವಿಸ್’ ಎಂಬ ಪದಕ್ಕೆ ಮೊದಲೇ ಎರಡು ಅರ್ಥಗಳಿವೆ. ‘ಅವರು ಸರ್ವಿಸ್‌ನಲ್ಲಿದ್ದಾರೆ’ ಎಂದರೆ ನೇವಿಯಲ್ಲೋ ಸರ್ಕಾರಿ ಕೆಲಸದಲ್ಲೋ ಇದ್ದಾರೆ. ‘ಬೈಕು ಸರ್ವಿಸ್‌ಗೆ ಹೋಗಿದೆ’ ಎಂದರೆ ಸಂಜೆವರೆಗೆ ನಡೆದೇ ಓಡಾಡಬೇಕು. ಹಾಗಾಗಿ ‘ಸರ್ವಿಸ್ ಡಾಗ್’ ಎಂದ ಕೂಡಲೇ ನಮ್ಮಲ್ಲಿ ಕಣ್ಣ ಮುಂದೆ ಬರುವುದು ಪೊಲೀಸರ ನಾಯಿ. ಎತ್ತರದ ಮೈ, ಚೂಪು ಕಿವಿ, ಬಾಂಬ್ ಮೂಸುವ ಮೂಗು. ಆದರೆ ಈ ಪದಕ್ಕೂ ಆ ನಾಯಿಗೂ ಸಂಬಂಧ ಇಲ್ಲ.

ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿಗೆ ಯಾವ ಕೆಲಸ ಕಷ್ಟವೋ ಆ ಕೆಲಸವನ್ನು ಕಲಿಸಿ ತಯಾರು ಮಾಡಿದ ನಾಯಿಯೇ ಸರ್ವಿಸ್ ಡಾಗ್. ಪತ್ರಿಕೆಗಳಲ್ಲಿ ‘ಸೇವಾ ಶ್ವಾನ’ ಎಂದು ಬರೆಯುವುದುಂಟು. ಶ್ವಾನ ಎಂದು ಕೂಗಿದರೆ ಯಾವ ನಾಯಿಯೂ ತಿರುಗಿ ನೋಡಲ್ಲ. ನಾನು ‘ನೆರವಿನ ನಾಯಿ’ ಎನ್ನುತ್ತೇನೆ.

ಇಲ್ಲಿ ತೂಕ ಇರುವುದು ‘ಕಲಿಸಿದ ಕೆಲಸ’ ಎಂಬ ಮಾತಿಗೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯಡಿಯ ನಿಯಮಗಳು ಇದನ್ನು ಬಿಡಿಸಿ ಹೇಳಿವೆ. ತಳಿ ಇಂಥದ್ದೇ ಆಗಬೇಕು, ಎತ್ತರ ಇಷ್ಟೇ ಇರಬೇಕು ಎಂಬ ಷರತ್ತು ಅಲ್ಲಿಲ್ಲ. ನಾಯಿ ಕರೆದುಕೊಂಡು ಅಂಗಡಿಗೆ ಹೋದವರನ್ನು ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ? ಇದಕ್ಕೆ ಯಾವ ಕೆಲಸ ಕಲಿಸಿದ್ದೀರಿ? ಸರ್ಟಿಫಿಕೇಟು ತೋರಿಸಿ ಎನ್ನುವ ಹಾಗಿಲ್ಲ. ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಎಂದಷ್ಟೇ ಹೇಳಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥ ನಾಯಿಗೆ ‘ಎಮೋಷನಲ್ ಸಪೋರ್ಟ್’ ಪ್ರಾಣಿ ಎಂಬ ಬೇರೆ ಹೆಸರಿದೆ. ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಹೋಗಿ ಹತ್ತಾರು ಜನರನ್ನು ನಗಿಸಿ ಬರುವ ನಾಯಿ ‘ಥೆರಪಿ ಡಾಗ್’.

ಆ ಥೆರಪಿ ಡಾಗ್‌ಗಳ ಕಥೆಯಲ್ಲಿ ಬಹಳ ಹಿಂದಿನ ಹೆಸರು ಸ್ಮೋಕಿ. ಯಾರ್ಕ್‌ಷೈರ್ ಟೆರಿಯರ್ ಜಾತಿಯ ಹೆಣ್ಣು ನಾಯಿ, ಎರಡು ಕಿಲೋ ಕೂಡ ಇರಲಿಲ್ಲ. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಸಿಕ್ಕ ಅದನ್ನು ಬಿಲ್ ವಿನ್ ಎಂಬ ಅಮೆರಿಕನ್ ಸೈನಿಕ ಕೊಂಡು ಸಾಕಿದ. ಅವನಿಗೆ ಡೆಂಗಿ ಬಂದು ಆಸ್ಪತ್ರೆ ಸೇರಿದಾಗ ಗೆಳೆಯರು ನಾಯಿಯನ್ನು ಅಲ್ಲಿಗೇ ತಂದರು. ನರ್ಸ್‌ಗಳು ಅದನ್ನು ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ಒಯ್ದರು. ಮುಂದೆ ಫಿಲಿಪೀನ್ಸಿನ ವಿಮಾನ ನೆಲೆಯೊಂದರಲ್ಲಿ, ನೆಲದಡಿಯ ಸುಮಾರು 70 ಅಡಿ ಉದ್ದದ ಕೊಳವೆಯೊಳಗೆ ತಂತಿ ಎಳೆದುಕೊಂಡು ಹೋಗಿದ್ದೂ ಇದೇ ನಾಯಿ. ದೊಡ್ಡ ನಾಯಿಯಾಗಿದ್ದರೆ ಆ ಕೊಳವೆಯೊಳಗೆ ತಲೆ ಹಾಕುವುದೇ ಕಷ್ಟವಿತ್ತು.

ಚಿಕ್ಕ ನಾಯಿ ಎಲ್ಲ ಕೆಲಸಕ್ಕೂ ಆಗುತ್ತದೆ ಎಂದು ಹೇಳಲಾರೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಮೈಗೆ ಹಿಡಿಕೆಯಿರುವ ಪಟ್ಟಿ ಕಟ್ಟಿಕೊಂಡು ನಡೆಯುತ್ತದೆ. ಅದಕ್ಕೆ ಎತ್ತರ ಬೇಕು. ವೀಲ್‌ಚೇರ್ ಎಳೆಯಲು ಕಸುವು ಬೇಕು. ಕೋಲು ಹಿಡಿದು ನಡೆಯುವ ಅಜ್ಜನ ಕಾಲಡಿ ಪುಟ್ಟ ನಾಯಿ ಸುತ್ತುತ್ತಿದ್ದರೆ ನೆರವಿಗಿಂತ ಬೀಳುವ ಭಯವೇ ಜಾಸ್ತಿ. ಆದರೆ ಕೈಯಿಂದ ಬಿದ್ದ ಕೀಲಿಕೈ ಕಚ್ಚಿಕೊಂಡು ಬಂದು ವೀಲ್‌ಚೇರ್‌ನಲ್ಲಿ ಕೂತವರ ತೊಡೆಗೇ ಹಾರಿ ಕೊಡುವುದು ಚಿಕ್ಕ ನಾಯಿಗೆ ಸಲೀಸು. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ತೀರಾ ಇಳಿದಾಗ ವಾಸನೆ ಹಿಡಿದು ಎಚ್ಚರಿಸುವ ನಾಯಿಗಳೂ ಇವೆ. ಎಲ್ಲ ನಾಯಿಯೂ ಒಂದೇ ಸಮ ಸರಿ ಹೇಳಲ್ಲ, ಹಾಗಾಗಿ ಗ್ಲುಕೋಮೀಟರ್ ಎತ್ತಿಡಬೇಡಿ.

ಚಿಕ್ಕ ನಾಯಿಗೆ ಹೇಳಿ ಮಾಡಿಸಿದ ಕೆಲಸ ಎಂದರೆ ಕಿವಿಯದು. ಬ್ರಿಟನ್ನಿನಲ್ಲಿ 1982ರಿಂದಲೇ ಕಿವುಡರಿಗಾಗಿ ನಾಯಿ ತಯಾರು ಮಾಡುವ ಸಂಸ್ಥೆ ಇದೆ. ಅಲ್ಲಿ ಕಲಿಸುವ ರೀತಿ ಸರಳ. ಸದ್ದು ಕೇಳಿದರೆ ನಾಯಿ ಬೊಗಳಬಾರದು, ಬೊಗಳಿದರೆ ಕೇಳುವವರು ಯಾರು? ಬಂದು ಮುಟ್ಟಬೇಕು. ‘ಏನು?’ ಎಂದು ಕೈಸನ್ನೆ ಮಾಡಿದರೆ ಸದ್ದಿನ ಕಡೆಗೆ ಕರೆದೊಯ್ಯಬೇಕು. ಬೆಂಕಿಯ ಅಲಾರಂ ಆದರೆ ಮಾತ್ರ ಅತ್ತ ಕರೆದೊಯ್ಯದೆ ಅಲ್ಲೇ ಮಲಗಿಬಿಡಬೇಕು, ಅಪಾಯ ಇದೆ ಎಂದು ತಿಳಿಸುವ ಸನ್ನೆ ಅದು.

ಶಿರಸಿಯ ಹತ್ತಿರ ಹಳ್ಳಿಯಲ್ಲಿರುವ ನನ್ನ ಅತ್ತೆಗೆ ಕಿವಿ ಮಂದ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ಕೊರತೆ ಇದ್ದರೆ ‘ಮಂದ ಶ್ರವಣ’. ಅತ್ತೆಯ ಹೆಸರು ಆ ಪಟ್ಟಿಗೆ ಸೇರಿದೆ. ಆದರೆ ನೆರವಿನ ನಾಯಿ ಎಂದರೇನು ಎಂಬುದಕ್ಕೆ ಆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಹಾಗಾಗಿ ಅತ್ತೆಯ ಚಿನ್ನಿ ಕಾಗದದ ಮೇಲೆ ಬರೀ ಸಾಕುನಾಯಿ. ಊರವರ ಬಾಯಲ್ಲಿ ಅದು ಪೊಮೇರಿಯನ್. (ನಮ್ಮಲ್ಲಿ ಪೊಮೇರಿಯನ್ ಎನಿಸಿಕೊಂಡವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಅದು ಇರಲಿ.)

ಮಳೆಗಾಲದಲ್ಲಿ ಅಡುಗೆಮನೆಯ ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗ ಕುಕ್ಕರ್ ಕೂಗಿದ್ದು ನನಗೇ ಕೇಳುವುದಿಲ್ಲ, ಇನ್ನು ಅತ್ತೆಗೆಲ್ಲಿ ಕೇಳಬೇಕು. ಎರಡು ಸಲ ಬೇಳೆ ತಳ ಹಿಡಿದ ಮೇಲೆ ಅತ್ತೆಯ ಮಗಳು ಚಿನ್ನಿಗೆ ಪಾಠ ಶುರು ಮಾಡಿದಳು. ಮೊದಲು ಮೊಣಕಾಲು ಮುಟ್ಟಿದರೆ ಒಂದು ಚೂರು ಕೊಬ್ಬರಿ. ಆಮೇಲೆ ಕುಕ್ಕರ್ ಕೂಗಿದಾಗ ಮುಟ್ಟಿದರೆ ಮಾತ್ರ ಕೊಬ್ಬರಿ. ಕಡೆಗೆ ಮುಟ್ಟಿ, ಒಲೆಯ ತನಕ ಓಡಿದರೆ ಕೊಬ್ಬರಿ. ದಿನಕ್ಕೆ ಐದಾರು ನಿಮಿಷದಂತೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು. ಈಗ ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರೆ ಒದ್ದೆ ಪಂಜವೊಂದು ಬಂದು ಸೀರೆಯ ಮೇಲೆ ಬೀಳುತ್ತದೆ. ಅತ್ತೆ ಏಳುತ್ತಾರೆ. ಚಿನ್ನಿ ಎರಡು ಹೆಜ್ಜೆ ಓಡಿ, ತಿರುಗಿ ನೋಡಿ, ಮತ್ತೆ ಓಡುತ್ತದೆ. ಪದದ ಪೂರ್ತಿ ಅರ್ಥ ನನಗೆ ಆ ತಿರುಗಿ ನೋಡುವುದರಲ್ಲಿ ಕಂಡಿತು.

ನಮ್ಮ ಕಡೆ ಇಂಥ ನಾಯಿ ಇಟ್ಟುಕೊಳ್ಳುವವರಿಗೆ ಬೇರೆ ತಲೆಬಿಸಿಗಳಿವೆ. ತೋಟದಿಂದ ಬಂದರೆ ಮೈಯೆಲ್ಲ ಉಣ್ಣೆ, ಕಿವಿಯೊಳಗೂ ಹುಡುಕಬೇಕು. ಕತ್ತಲಾದ ಮೇಲೆ ಅಂಗಳಕ್ಕೆ ಬಿಡುವ ಹಾಗಿಲ್ಲ, ಚಿರತೆಗೆ ನಾಯಿ ಎಂದರೆ ಇಷ್ಟ.

ಕಲಿಸಿದ್ದು ಕಲಿತ ಹಾಗೇ ಉಳಿಯುವುದೂ ಇಲ್ಲ. ಹೋದ ತಿಂಗಳು ನಾನು ಹೋದಾಗ ಚಿನ್ನಿ ಬಂದು ಅತ್ತೆಯ ಮೊಣಕಾಲು ಮುಟ್ಟಿತು. ಅತ್ತೆ ಬತ್ತಿ ಬಿಟ್ಟು ಎದ್ದು ಹೋದರು, ನಾನೂ ಹಿಂದೆ ಹೋದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಚಿನ್ನಿ ಕೊಬ್ಬರಿ ಡಬ್ಬಿಯ ಮುಂದೆ ಕೂತಿತ್ತು.

“ಇದು ಇವತ್ತು ಮೂರನೇ ಸಲ,” ಎಂದರು ಅತ್ತೆ, ಡಬ್ಬಿಯ ಮುಚ್ಚಳ ತೆಗೆಯುತ್ತ.