ಅಜ್ಜಿಯ ಗಡಿಗೆಗೆ ಕಾಗದ ಎಲ್ಲಿತ್ತು?

ಸಿಂಧನೂರು ತಾಲ್ಲೂಕಿನ ನಮ್ಮೂರಲ್ಲಿ ಅಜ್ಜಿ ಬೀಜದ ಜೋಳಕ್ಕೆ ಗಂಡಸರ ಕೈ ತಾಗಿಸುತ್ತಿರಲಿಲ್ಲ. ಕೊಯ್ಲು ಶುರುವಾಗುವ ಮುಂಚೆ ತಾನೇ ಹೊಲಕ್ಕೆ ಹೋಗುತ್ತಿದ್ದಳು. ಕಾಡಿಗೆ ರೋಗ ಹತ್ತದ, ಕಾಳು ತುಂಬಿದ ತೆನೆ ನೋಡಿ ನೋಡಿ ಮುರಿದುಕೊಂಡು ಬರುತ್ತಿದ್ದಳು. ಅವನ್ನು ಗೊಂಚಲು ಕಟ್ಟಿ ಒಲೆ ಮೇಲೆ ಹೊಗೆ ತಾಗುವಲ್ಲಿ ತೂಗುಹಾಕುವುದು. ಒಣಗಿದ ಮೇಲೆ ಬಡಿದು, ಕೇರಿ, ಬೂದಿ ಬೆರೆಸಿ ಗಡಿಗೆಗೆ ತುಂಬುವುದು. ನಡುನಡುವೆ ಬೇವಿನ ಸೊಪ್ಪು. ಕೊನೆಗೆ ಗಡಿಗೆ ಬಾಯಿಗೆ ಸೆಗಣಿ, ಮಣ್ಣು ಮೆತ್ತಿಬಿಟ್ಟರೆ ಹಿಂಗಾರಿ ಬಿತ್ತನೆ ತನಕ ಯಾರೂ ಮುಟ್ಟುವ ಹಾಗಿಲ್ಲ.

ಇದನ್ನೆಲ್ಲ ಅಜ್ಜಿ ಎಲ್ಲೂ ಬರೆದಿಡಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಬಂದಿದ್ದರೂ ಬರೆಯುತ್ತಿರಲಿಲ್ಲ. ಸೊಸೆಗೆ ತೋರಿಸಿದಳು, ಅಷ್ಟೇ.

1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಎಂಬ ಕಂಪನಿಗೂ ಸೇರಿಸಿ ಒಂದು ಪೇಟೆಂಟ್ ಕೊಟ್ಟಿತು. ಬೇವಿನ ಎಣ್ಣೆ ಬಳಸಿ ಬೆಳೆಗೆ ಹತ್ತುವ ಶಿಲೀಂಧ್ರ, ಅಂದರೆ ನಾವು ಬೂಷ್ಟು ಅನ್ನುತ್ತೇವಲ್ಲ, ಅದನ್ನು ತಡೆಯುವ ವಿಧಾನಕ್ಕೆ. ಬೇವಿನ ಮರಕ್ಕೇ ಪೇಟೆಂಟ್ ಆಯಿತಂತೆ ಎಂದು ಆಗ ಬಹಳ ಜನ ನಂಬಿದ್ದರು. ಹಾಗಲ್ಲ. ಮರ ನಿಮ್ಮದೇ, ನೆರಳೂ ನಿಮ್ಮದೇ. ಆದರೆ ಎಣ್ಣೆಯನ್ನು ಇಂಥ ರೀತಿಯಲ್ಲಿ ತೆಗೆದು ಇಂಥ ಕೆಲಸಕ್ಕೆ ಬಳಸಿ ಮಾರುವ ಹಕ್ಕು ಇಪ್ಪತ್ತು ವರ್ಷ ಅವರದ್ದು.

ಪೇಟೆಂಟ್ ಸಿಗಬೇಕಾದರೆ ಮುಖ್ಯವಾಗಿ ಮೂರು ಷರತ್ತು. ವಿಷಯ ಹೊಸದಾಗಿರಬೇಕು. ಆ ಕಸುಬು ಬಲ್ಲವರಿಗೆ ತಾನಾಗೇ ಹೊಳೆಯುವಂಥದ್ದಾಗಿರಬಾರದು. ಕೆಲಸಕ್ಕೆ ಬರಬೇಕು. ಜಗಳವೆಲ್ಲ ಮೊದಲನೆಯದರಲ್ಲೇ. ಹೊಸದು ಅಂದರೆ ಯಾರಿಗೆ ಹೊಸದು? ಸಿಂಧನೂರಿನ ಅಜ್ಜಿಗೆ ಗೊತ್ತಿದ್ದದ್ದು ಮ್ಯೂನಿಕ್‌ನಲ್ಲಿರುವ ಆ ಪೇಟೆಂಟ್ ಕಚೇರಿಗೆ ಗೊತ್ತಿಲ್ಲದಿದ್ದರೆ ಅದು ಹೊಸದಾ?

ಈ ಪ್ರಶ್ನೆ ನಮ್ಮ ಭಾಗಕ್ಕೆ ಬೇವಿಗಿಂತ ಮುಂಚೆ ಬೀಜದ ರೂಪದಲ್ಲಿ ಬಂದಿತ್ತು. 90ರ ದಶಕದ ಮೊದಲಲ್ಲಿ ಚಹಾದಂಗಡಿಯಲ್ಲೂ 'ಡಂಕೆಲ್' ಅನ್ನುವ ಹೆಸರು ಕೇಳುತ್ತಿತ್ತು. ಗ್ಯಾಟ್ ಎಂಬ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮಾತುಕತೆಯ ಮುಖ್ಯಸ್ಥ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕರಡು ಅದು. ಬೀಜ, ಔಷಧ ಎಲ್ಲದರ ಮೇಲೂ ಕಂಪನಿಗಳ ಹಕ್ಕು ಬರುತ್ತದೆ ಎಂಬ ಭಯ ಹುಟ್ಟಿತು. 1992ರ ಕೊನೆಗೆ ರೈತ ಸಂಘದವರು ಕಾರ್ಗಿಲ್ ಎಂಬ ಅಮೆರಿಕದ ಕಂಪನಿಯ ಬೆಂಗಳೂರು ಕಚೇರಿಗೆ ನುಗ್ಗಿದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟಿಸುತ್ತಿದ್ದ ಬೀಜ ಘಟಕವನ್ನು ಕೆಡವಿದರು. ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ದೊಡ್ಡ ಬೀಜ ಸತ್ಯಾಗ್ರಹ ನಡೆಯಿತು. ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ಅವರ ಮಾತು ಕೇಳಲು ನಮ್ಮ ಕಡೆಯಿಂದಲೂ ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು ಜನ ಹೋದರು. ಗಂಡಸರೇ ಜಾಸ್ತಿ.

1998ರ ನವೆಂಬರ್ 28ರಂದು ರಾಯಚೂರು ಜಿಲ್ಲೆಯ ಮಲದಕಲ್‌ನಲ್ಲಿ ರೈತ ಸಂಘದವರು ಬಿಟಿ ಹತ್ತಿಯ, ಅಂದರೆ ಕಾಯಿಕೊರಕ ಹುಳ ತಡೆಯುವ ಜೀನ್ ಸೇರಿಸಿದ ಹತ್ತಿಯ, ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಇಲ್ಲೊಂದು ಗೊಂದಲ ಇತ್ತು, ಅದನ್ನು ಹೇಳಿಬಿಡಬೇಕು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಆಗಿತ್ತು. ಒಮ್ಮೆ ಬೆಳೆದ ಬೀಜ ಮತ್ತೆ ಬಿತ್ತಿದರೆ ಮೊಳೆಯದ ಹಾಗೆ ಮಾಡುವ ತಂತ್ರಕ್ಕೆ. ಜನ ಅದಕ್ಕೆ 'ಟರ್ಮಿನೇಟರ್' ಅಂದರು. ರಾಯಚೂರಿನ ಹೊಲದಲ್ಲಿದ್ದದ್ದೂ ಅದೇ ಎಂದು ಸುದ್ದಿ ಹಬ್ಬಿತು. ಇರಲಿಲ್ಲ, ಅದು ಬಿಟಿ. ಆದರೆ ಮೊಳೆಯದ ಬೀಜ ಅನ್ನುವ ಮಾತು ಕೇಳಿ ನಮ್ಮ ಓಣಿಯ ಹೆಂಗಸರು ಹೌಹಾರಿದ್ದು ಸುಳ್ಳಲ್ಲ. ಅವರಿಗೆ ಅದು ಬಂಜೆತನವನ್ನು ಪ್ಯಾಕೆಟ್ಟಿನಲ್ಲಿ ಹಾಕಿ ಮಾರಿದ ಹಾಗೆ ಕೇಳಿಸಿತ್ತು. ಆ ತಂತ್ರ ಇವತ್ತಿಗೂ ಮಾರುಕಟ್ಟೆಗೆ ಬಂದಿಲ್ಲ. ನಮ್ಮ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ತಳಿಗೆ ನೋಂದಣಿಯೇ ಇಲ್ಲ.

ಈಗ ಬೇವಿಗೆ ವಾಪಸ್ ಬರೋಣ. ಆ ಪೇಟೆಂಟಿನ ವಿರುದ್ಧ 1995ರಲ್ಲಿ ತಕರಾರು ಹಾಕಿದವರು ಮೂವರು ಹೆಣ್ಣುಮಕ್ಕಳು. ನಮ್ಮ ದೇಶದ ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪ್ ಸಂಸತ್ತಿನ ಹಸಿರು ಪಕ್ಷದ ಮಾಗ್ದಾ ಆಲ್ವೂಟ್, ಸಾವಯವ ಕೃಷಿಕರ ಅಂತಾರಾಷ್ಟ್ರೀಯ ಒಕ್ಕೂಟದ ಲಿಂಡಾ ಬುಲ್ಲಾರ್ಡ್. ಹತ್ತು ವರ್ಷ ಎಳೆದ ಕೇಸು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಎದುರಿನವರು ಮೇಲ್ಮನವಿ ಹಾಕಿದರು. 2005ರ ಮಾರ್ಚ್ 8ರಂದು ಅದೂ ಬಿದ್ದುಹೋಯಿತು. ಮಾರ್ಚ್ 8, ಮಹಿಳಾ ದಿನ. ತಾರೀಖು ಕಾಕತಾಳೀಯ ಇರಬಹುದು, ಆದರೂ ನನಗೆ ಇಷ್ಟ.

ಗೆಲ್ಲಿಸಿದ್ದು ಯಾವ ಸಾಕ್ಷಿ ಅಂತ ನೋಡಿದರೆ ಮಾತ್ರ ಮನಸ್ಸು ಸ್ವಲ್ಪ ಕಹಿಯಾಗುತ್ತದೆ. ಅಜ್ಜಿಯರ ಗಡಿಗೆ ಅಲ್ಲ. ಭಾರತದ ಒಬ್ಬ ಕಾರ್ಖಾನೆದಾರರು ತಾವು ಪೇಟೆಂಟಿಗೆ ಮುಂಚೆಯೇ ಇಂಥ ಎಣ್ಣೆ ತಯಾರಿಸುತ್ತಿದ್ದೆವು ಎಂದು ಬಂದು ಹೇಳಿದ್ದು ದೊಡ್ಡ ಬಲವಾಯಿತು. ಬಳಕೆ ಇತ್ತು ಅನ್ನಲು ಯಾವ ಕಾಲ, ಯಾವ ಜಾಗ ಅಂತ ಬೇಕು, ಹೇಳುವವರು ಬೇಕು. 'ನಮ್ಮಲ್ಲಿ ಮೊದಲಿಂದ ಇದೆ' ಅಂದರೆ ಸಾಲದು.

ಅರಿಶಿನದ ಕತೆಯಲ್ಲಿ ಇದು ಇನ್ನೂ ನಿಚ್ಚಳ. 1995ರ ಮಾರ್ಚ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು, ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ! ಈಳಿಗೆಮಣೆಗೆ ಬೆರಳು ಕೊಯ್ದುಕೊಂಡಾಗ ಅವ್ವ ಓಡಿ ಬಂದು ಒತ್ತುತ್ತಿದ್ದದ್ದು ಏನು ಮತ್ತೆ? ಆದರೆ ಆಗಿನ ಅಮೆರಿಕದ ಕಾನೂನು ವಿಚಿತ್ರವಾಗಿತ್ತು. ಅಮೆರಿಕದೊಳಗೆ ಬಳಕೆಯಲ್ಲಿದ್ದರೆ ಅದು ಹಳೆಯದು. ಹೊರದೇಶದಲ್ಲಿ ಎಷ್ಟೇ ಕೋಟಿ ಜನ ಬಳಸಲಿ, ಅಚ್ಚಾಗಿ ಪ್ರಕಟವಾಗಿರದಿದ್ದರೆ ಅದು ಲೆಕ್ಕಕ್ಕಿಲ್ಲ. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 32 ಹಳೆಯ ಬರಹಗಳನ್ನು ಹುಡುಕಿ ತೆಗೆದು ಮುಂದಿಟ್ಟಿತು. ಅದರಲ್ಲಿ 1953ರ ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ಹೋಯಿತು. ಮನೆಮನೆಯ ಹೆಂಗಸರಿಗೆ ಗೊತ್ತಿದ್ದದ್ದು ಒಬ್ಬರು ಯಾರೋ ಅಚ್ಚು ಹಾಕಿಸಿದ ಮೇಲೆ 'ತಿಳಿವಳಿಕೆ' ಆಯಿತು. ಆ ಕಾನೂನು ಬದಲಾಗಿದ್ದು 2013ರಲ್ಲಿ.

ಹೆಣ್ಣಿನ ಕೈಯಲ್ಲಿದ್ದದ್ದಕ್ಕೆ ಮಾತ್ರ ಅಲ್ಲ, ಮೈಯಲ್ಲಿದ್ದದ್ದಕ್ಕೂ ಪೇಟೆಂಟ್ ಇತ್ತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ತಿಳಿಸುವ ಎರಡು ಜೀನ್‌ಗಳಿವೆ, ಬಿಆರ್‌ಸಿಎ 1 ಮತ್ತು 2. ಅಮೆರಿಕದ ಮಿರಿಯಡ್ ಎಂಬ ಕಂಪನಿ ಅವನ್ನು ಪೇಟೆಂಟ್ ಮಾಡಿಕೊಂಡು ಪರೀಕ್ಷೆಗೆ 3000 ಡಾಲರ್‌ಗೂ ಜಾಸ್ತಿ ತೆಗೆದುಕೊಳ್ಳುತ್ತಿತ್ತು. ಇನ್ನೊಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳೋಣ ಅಂದರೆ ಅದೂ ಆಗುತ್ತಿರಲಿಲ್ಲ. ವಿಜ್ಞಾನಿಗಳ ಸಂಘಗಳ ಜೊತೆ ರೋಗ ಅನುಭವಿಸಿದ ಹೆಂಗಸರೂ ಕೋರ್ಟಿಗೆ ಹೋದರು. 2013ರ ಜೂನ್ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ಧ್ವನಿಯಲ್ಲಿ, ಪ್ರಕೃತಿಯಲ್ಲಿರುವ ಡಿಎನ್‌ಎಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಆವಿಷ್ಕಾರವೂ ಆಗದು ಅಂದಿತು. ಎರಡು ವರ್ಷದ ನಂತರ ಆಸ್ಟ್ರೇಲಿಯಾದಲ್ಲಿ ಇವೊನ್ ಡಿ ಆರ್ಸಿ ಅದೇ ಜಗಳ ಗೆದ್ದರು. ಎರಡು ಸಲ ಸ್ತನ ಕ್ಯಾನ್ಸರ್ ದಾಟಿ ಬಂದಿದ್ದ, ಪಿಂಚಣಿ ಮೇಲೆ ಬದುಕುತ್ತಿದ್ದ ಹೆಂಗಸು.

ನಮ್ಮ ದೇಶದ್ದು ಇನ್ನೂ ಈಚಿನದು. ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರೂ ಟಿಬಿಯಿಂದ ಉಳಿದುಕೊಂಡವರು. ಚಿಕಿತ್ಸೆಯ ಅಡ್ಡಪರಿಣಾಮಕ್ಕೆ ಇಬ್ಬರ ಕಿವಿಯೂ ಹೋಯಿತು. ಕಿವಿ ಕೆಡಿಸದ ಬೆಡಾಕ್ವಿಲಿನ್ ಅನ್ನುವ ಮಾತ್ರೆಯ ಮೇಲಿನ ಹಕ್ಕನ್ನು ಕಂಪನಿ ಇನ್ನೂ ನಾಲ್ಕು ವರ್ಷ ಎಳೆಯಲು ಅರ್ಜಿ ಹಾಕಿತ್ತು. ಇವರಿಬ್ಬರೂ ತಕರಾರು ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಅರ್ಜಿ ತಿರಸ್ಕರಿಸಿತು.

ಇಷ್ಟು ಹೇಳಿ, ನಮ್ಮ ಸಂಸ್ಕೃತಿಯಲ್ಲಿ ಹೆಣ್ಣಿಗೆ ಗೌರವ ಇದೆ, ಅವರಲ್ಲಿ ಇಲ್ಲ ಅಂತ ಮುಗಿಸಿಬಿಡುವುದು ಸುಲಭ. ಎಳ್ಳಮಾವಾಸ್ಯೆ ಬಂದರೆ ನಾವು ಭೂಮಿಯನ್ನು ಬಸುರಿ ಅನ್ನುತ್ತೇವೆ, ಸೀಮಂತ ಮಾಡುತ್ತೇವೆ. ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಭಜ್ಜಿ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಚಂದದ ಹಬ್ಬ, ನನಗೆ ಯಾವ ಹಬ್ಬಕ್ಕಿಂತಲೂ ಪ್ರೀತಿ. ಆದರೆ ಆ ಹೊಲದ ಪಹಣಿ ತೆಗೆದು ನೋಡಿ. ಅಜ್ಜಿಯ ಹೆಸರು ಅದರಲ್ಲಿ ಒಂದು ದಿನವೂ ಇರಲಿಲ್ಲ.

ಹತ್ತಿಯನ್ನೇ ತೆಗೆದುಕೊಳ್ಳಿ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಒಂದು ಹೈಬ್ರಿಡ್ ತಂದರು. ಹೆಸರು ವರಲಕ್ಷ್ಮಿ. ಪೇಟೆಂಟ್ ಇಲ್ಲ, ರಾಯಧನ ಇಲ್ಲ, ಸರ್ಕಾರಿ ಸಂಶೋಧನೆ. ಹೆಸರಿನಲ್ಲಿ ದೇವಿ. ಆ ಬೀಜ ಮಾಡುವ ಕೈ ಯಾರದು? ಕೊಪ್ಪಳ, ರಾಯಚೂರು ಕಡೆಯ ಸೀಡ್ ಪ್ಲಾಟ್‌ಗೆ ಒಂದು ಮಧ್ಯಾಹ್ನ ಹೋಗಿ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಸುತ್ತಲಿನ ಪರಾಗದ ಚೀಲಗಳನ್ನು ಕಿತ್ತುಹಾಕಬೇಕು. ನಡುವಿನ ಕಡ್ಡಿ ಮುರಿಯಬಾರದು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಸವರಿ ದಾರ ಕಟ್ಟಬೇಕು. ಇದಕ್ಕೆ 'ಕ್ರಾಸಿಂಗ್' ಅಂತಾರೆ. ದಿನವಿಡೀ ಬಗ್ಗಿ ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಉಗುರು ಕಪ್ಪಾಗಿ ಸೀಳಿರುತ್ತದೆ.

2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಾಗ 450 ಗ್ರಾಂ ಪ್ಯಾಕೆಟ್ಟಿಗೆ ಸುಮಾರು 1600 ರೂಪಾಯಿ. ಅದರಲ್ಲಿ ದೊಡ್ಡ ಪಾಲು ಜೀನ್ ಕೊಟ್ಟ ಕಂಪನಿಗೆ ಹೋಗುತ್ತಿತ್ತು. 2006ರಲ್ಲಿ ಆಂಧ್ರ ಸರ್ಕಾರ ಜಗಳ ತೆಗೆದು ಬೆಲೆಯನ್ನು 750ಕ್ಕೆ ಇಳಿಸಿತು. ಆಮೇಲೆ ಆ ಜೀನಿನ ಕಂಪನಿ ಮಾನ್ಸಾಂಟೊ ಮತ್ತು ಬೀಜ ಮಾರುವ ಕಂಪನಿ ನುಜಿವೀಡು ನಡುವೆ ಪೇಟೆಂಟ್ ಜಗಳ. 2018ರಲ್ಲಿ ದೆಹಲಿ ಹೈಕೋರ್ಟ್ ಪೇಟೆಂಟ್ ನಿಲ್ಲದು ಅಂದಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ವಿಚಾರಣೆಗೆ ವಾಪಸ್ ಕಳಿಸಿತು, ಕೊನೆಗೆ ಕಂಪನಿಗಳೇ ರಾಜಿಯಾದವು. ಉಗುರು ಸೀಳಿಸಿಕೊಂಡವರ ಕೂಲಿ ಈ ಯಾವ ಕಾಗದದಲ್ಲೂ ಚರ್ಚೆಗೆ ಬರಲಿಲ್ಲ.

ಗೌರವ ಅಂದರೆ ಪೂಜೆ ಅಲ್ಲ, ಲೆಕ್ಕದಲ್ಲಿ ಹೆಸರು ಎಂದು ತೋರಿಸಿದ ಜಾಗಗಳು ದೂರ ಏನಿಲ್ಲ. ಬೀದರ್ ಗಡಿ ದಾಟಿದರೆ ಜಹೀರಾಬಾದ್ ಹತ್ತಿರ ಪಸ್ತಾಪುರ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿರುವವರು ಹೆಚ್ಚಾಗಿ ದಲಿತ ಹೆಂಗಸರು. ಊರ ಬೀಜದ ಬ್ಯಾಂಕು ಅವರ ಕೈಯಲ್ಲಿ. ಸಂಕ್ರಾಂತಿಗೆ ಬಂಡಿಗಳಲ್ಲಿ ಬೀಜ ಹೇರಿಕೊಂಡು ಊರೂರು ಜಾತ್ರೆ ಹೊರಡುತ್ತಾರೆ. ಕೊಪ್ಪಳದಿಂದ ಪಶ್ಚಿಮಕ್ಕೆ ಹೋದರೆ ಕುಂದಗೋಳ ತಾಲ್ಲೂಕಿನ ತೀರ್ಥ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಗುಂಪಿಗೆ ಸಿರಿಧಾನ್ಯ, ಬೀಜದ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಮೇಘಾಲಯದ ಖಾಸಿಗಳಲ್ಲಿ ಮನೆತನದ ಆಸ್ತಿ ಕಿರಿಯ ಮಗಳಿಗೆ ಇಳಿಯುತ್ತದೆ. ಅಲ್ಲೂ ಊರ ಸಭೆಯಲ್ಲಿ ಗಂಡಸರದೇ ಮಾತು, ಹಾಗಾಗಿ ಸ್ವರ್ಗ ಅಂದುಕೊಳ್ಳಬೇಡಿ. ಆದರೂ ಕಾಗದದ ವಿಷಯದಲ್ಲಿ ಅವರು ನಮಗಿಂತ ಮುಂದೆ.

ನಮ್ಮ ಪೇಟೆಂಟ್ ಕಾನೂನು ಒಂದು ಒಳ್ಳೆ ಕೆಲಸ ಮಾಡಿದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. 3ನೇ ಕಲಮಿನ ಪ್ರಕಾರ ಗಿಡ, ಬೀಜ, ಪಾರಂಪರಿಕ ತಿಳಿವಳಿಕೆ ಇವಕ್ಕೆ ಪೇಟೆಂಟ್ ಇಲ್ಲ. 25ನೇ ಕಲಮಿನಲ್ಲಿ ಪೇಟೆಂಟ್ ಕೊಡುವ ಮುಂಚೆ ಯಾರು ಬೇಕಾದರೂ ತಕರಾರು ಹಾಕಬಹುದು. ಯಾವುದೇ ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿರುವ ತಿಳಿವಳಿಕೆಯೂ ತಕರಾರಿಗೆ ಕಾರಣವಾಗಬಹುದು. ಬಾಯಿಮಾತು! ಅರಿಶಿನದ ಕೇಸಿನಲ್ಲಿ ಅಮೆರಿಕ ಒಪ್ಪದಿದ್ದದ್ದು ಅದನ್ನೇ. ಇನ್ನೊಂದು ಕಡೆ 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯಿತಿ ತನ್ನ ಊರಿನ ಬೆಳೆ, ಗಿಡ, ಅವುಗಳ ಬಳಕೆಯ ದಾಖಲೆ ಪುಸ್ತಕ ಇಡಬೇಕು. ಒಮ್ಮೆ ಒಂದು ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿದೆ. ಬೀರುವಿನ ಕೀಲಿ ಸಿಗಲಿಲ್ಲ.

ಹಾಗಾಗಿ ಮನೆಯಲ್ಲೇ ಶುರು ಮಾಡಿದೆ. ಹೋದ ಸಲ ಊರಿಗೆ ಹೋದಾಗ ನೋಟ್‌ಬುಕ್ ಹಿಡಿದು ಅವ್ವನ ಮುಂದೆ ಕೂತೆ. ಮೇಲೆ ತಾರೀಖು, ಊರ ಹೆಸರು, ಅವ್ವನ ಹೆಸರು, ಅವಳಿಗೆ ಕಲಿಸಿದ ಅತ್ತೆಯ ಹೆಸರು. 'ಜೋಳದಾಗ ಹಸಿ ಬೇವಿನ ಸೊಪ್ಪು ಹಾಕ್ತಿದ್ರಲ್ಲ' ಅಂತ ಬರೆಯತೊಡಗಿದೆ.

'ಹಸೀದಲ್ಲಬೇ' ಅಂದಳು ಅವ್ವ. 'ಹಸೀದು ಹಾಕಿದ್ರ ನೀರು ಬಿಡತೈತಿ, ಬೂಷ್ಟು ಹಿಡೀತೈತಿ. ನೆರಳಾಗ ಒಣಗಿಸಬೇಕು, ಬಿಸಿಲಾಗಲ್ಲ. ಕೈಯಾಗ ಹಿಡಿದ್ರ ಪುಡಿ ಆಗಬಾರದು, ಸಪ್ಪಳ ಬರಬೇಕು.'

ಹಸಿ ಅಂತ ಬರೆದದ್ದನ್ನು ಹೊಡೆದುಹಾಕಿದೆ. ಮೊಣಕೈಯೂರಿ ಪುಟದ ಕಡೆ ಬಗ್ಗಿ ನೋಡುತ್ತಿದ್ದಳು ಅವ್ವ. ಅವಳಿಗೂ ಓದು ಬರುವುದಿಲ್ಲ.

'ಇದು ಜೋಳದ್ದು ಮಾತ್ರ. ತೊಗರೀಗೆ ಕೆಮ್ಮಣ್ಣು ಹಚ್ಚತೀವಿ, ಅದು ಬ್ಯಾರೆ. ಅದನ್ನೂ ಬರ್ಕೋ.'